ಮೊದಲ ಉಪಕುಲಪತಿ ನಂಜುಂಡಯ್ಯನವರು

ಹೆಬ್ಬಳಲು ವೇಲ್ಪನೂರು ನಂಜುಂಡಯ್ಯನವರು ಜನಿಸಿದ್ದು 1860ರಲ್ಲಿ. ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಚೀಫ್ ಕೋರ್ಟಿನ ನ್ಯಾಯಾಧೀಶರ ಸ್ಥಾನವನ್ನು ಅಲಂಕರಿಸಿದರು. ಅರ್ಥಶಾಸ್ತ್ರವನ್ನೂ ಕಾನೂನನ್ನೂ ಕನ್ನಡದಲ್ಲಿ ಬರೆದರು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಅವರೇ ಮೊದಲ ಅಧ್ಯಕ್ಷರು.

ಅಂದು ನಮ್ಮವರು ಓದುತ್ತಿದ್ದುದು ಮೈಸೂರಿನಲ್ಲಾದರೂ ಪಠ್ಯವನ್ನು ಗೊತ್ತುಮಾಡಿ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಪತಿಗಳು, ನಂಜುಂಡಯ್ಯನವರು ಉಪಕುಲಪತಿಗಳು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ ಮೊದಲ ಬಂಡವಾಳ. ಎರಡು ವರ್ಷದ ಇಂಟರ್‌ಮೀಡಿಯೆಟ್ ಹೋಗಿ, ಒಂದು ವರ್ಷದ ಪ್ರವೇಶ ತರಗತಿಯೂ ಮೂರು ವರ್ಷದ ಪದವಿಯೂ ಬಂದವು. ಹೆಸರಾದ ಮದರಾಸಿನ ಪದವಿಯೆಲ್ಲಿ, ನಿನ್ನೆ ಹುಟ್ಟಿದ ಈ ಪದವಿಯೆಲ್ಲಿ ಎಂಬ ಅಳುಕು ಸಹಜವೇ. ಅದನ್ನು ನೀಗಲು ಮಾತು ಸಾಲದು. ಪಾಠವೂ ಪರೀಕ್ಷೆಯೂ ಗಟ್ಟಿಯಾಗಬೇಕು. ಆ ಹೊಣೆಯನ್ನು ಹೊತ್ತಿರುವಾಗಲೇ ಅವರು 1920ರಲ್ಲಿ ತೀರಿಕೊಂಡರು.

ನಮ್ಮ ಹೆಗ್ಗಡದೇವನಕೋಟೆಯ ಕಾಲೇಜೂ ಅದೇ ವಿಶ್ವವಿದ್ಯಾನಿಲಯದ ನೆರಳಿನದು. 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕಂಡೆವು. 2024ರಲ್ಲಿ ಮತ್ತೆ ಮೂರಕ್ಕೆ ಬಂದೆವು. ಹೊಸ ಸೆಮಿಸ್ಟರಿನ ಬಾಗಿಲಲ್ಲಿ ಆ ಹಿರಿಯರನ್ನು ನೆನೆಯೋಣ. ನಿಯಮ ಎಷ್ಟು ಸಲ ಬದಲಾದರೂ ಪದವಿಗೆ ಬೆಲೆ ತರುವುದು ಅದನ್ನು ಪಡೆದವರ ಓದು.