ಅರವತ್ತನಾಲ್ಕು ಮನೆಗಳ ಅರಸು

ಚದುರಂಗವು ರಾಜರ ಆಟವೆಂದು ಪ್ರಸಿದ್ಧವಾಗಿದೆ. ಆದರೆ ಅದನ್ನು ವಿನೋದಕ್ಕಾಗಿ ಆಡಿ ಬಿಡದೆ, ಶಾಸ್ತ್ರದಂತೆ ಅಭ್ಯಾಸ ಮಾಡಿದ ಅರಸರು ವಿರಳ. ಅಂಥವರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅಗ್ರಗಣ್ಯರು.

ಒಡೆಯರು ಜನಿಸಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಯುದ್ಧದಲ್ಲಿ ಮಡಿದ ಮೇಲೆ, ಆಂಗ್ಲರು ಐದು ವರ್ಷದ ಈ ಬಾಲಕನಿಗೆ ಪಟ್ಟ ಕಟ್ಟಿದರು. ದಿವಾನ್ ಪೂರ್ಣಯ್ಯನವರು ಹನ್ನೊಂದು ವರ್ಷಗಳ ಕಾಲ ರಾಜ್ಯಭಾರವನ್ನು ನಿರ್ವಹಿಸಿದರು. 1810ರ ಸುಮಾರಿಗೆ ಒಡೆಯರು ಆಡಳಿತವನ್ನು ತಾವೇ ವಹಿಸಿಕೊಂಡರು. ಇಂದಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆನಾಡೂ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅದೇ ಮಲೆನಾಡಿನ ನಗರ ಪ್ರಾಂತದಲ್ಲಿ 1830ರಲ್ಲಿ ಕಂದಾಯದ ಹೊರೆಯಿಂದ ಬಳಲಿದ ರೈತರು ದಂಗೆಯೆದ್ದರು. ಅದನ್ನೇ ಕಾರಣವಾಗಿ ತೋರಿಸಿ 1831ರಲ್ಲಿ ಆಂಗ್ಲರು ಆಡಳಿತವನ್ನು ಕಿತ್ತುಕೊಂಡರು. ಅರಸರಿಗೆ ಉಳಿದದ್ದು ಅರಮನೆ ಮತ್ತು ಬಿರುದು ಮಾತ್ರ.

ಒಡೆಯರು ಎದೆಗುಂದಲಿಲ್ಲ. ರಾಜ್ಯವನ್ನು ಹಿಂದಕ್ಕೆ ಪಡೆಯಲು ಮನವಿಗಳನ್ನು ಸಲ್ಲಿಸುತ್ತಲೇ ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಆಶ್ರಯವಿತ್ತರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥದ ಒಂಬತ್ತು ಭಾಗಗಳಲ್ಲಿ ‘ಕೌತುಕನಿಧಿ’ಯು ಆಟಗಳಿಗೇ ಮೀಸಲಾಗಿದೆ.

ಚದುರಂಗದಲ್ಲಿ ಅವರ ಗಮನವನ್ನು ವಿಶೇಷವಾಗಿ ಸೆಳೆದದ್ದು ಕುದುರೆ. ಒಂದು ಮನೆಯನ್ನೂ ಎರಡನೆಯ ಸಲ ಮೆಟ್ಟದೆ, ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರಬೇಕು. ಒಂಬತ್ತನೆಯ ಶತಮಾನದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ಅರ್ಧ ಹಲಗೆಯ ಮೇಲಿನ ಇಂತಹ ಚಮತ್ಕಾರವನ್ನು ಹೇಳಿದ್ದಾನೆ. ಒಡೆಯರು ಇಂತಹ ಸಂಚಾರಗಳನ್ನು ರಚಿಸಿದರು. ಅವುಗಳಲ್ಲಿ ಒಂದರ ಮನೆಗಳಿಗೆ ಕುದುರೆ ನಡೆದ ಕ್ರಮದಲ್ಲಿ 1ರಿಂದ 64ರ ವರೆಗೆ ಅಂಕಿಗಳನ್ನು ಬರೆದರೆ, ಅಡ್ಡಸಾಲುಗಳಲ್ಲಿಯೂ ಉದ್ದಸಾಲುಗಳಲ್ಲಿಯೂ ಮೊತ್ತ 260 ಬರುತ್ತದೆ. ಕರ್ಣಗಳೂ ಹೀಗೆಯೇ ಹೊಂದುವ ಸಂಚಾರವು ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರಗಳ ನೆರವಿನಿಂದ ಸಿದ್ಧವಾಯಿತು.

ಈ ಅಭ್ಯಾಸವು ಬರಿಯ ಚಮತ್ಕಾರವಲ್ಲ. ಮೂಲೆಯ ಮನೆಯಲ್ಲಿ ನಿಂತ ಕುದುರೆಗೆ ಎರಡೇ ದಾರಿಗಳು. ನಡುವಿನಲ್ಲಿ ನಿಂತರೆ ಎಂಟು. ಆಟದ ಆರಂಭದಲ್ಲಿ ಕುದುರೆಯನ್ನು ಅಂಚಿಗೆ ಹಾರಿಸಿದರೆ ಅದಕ್ಕೆ ನಾಲ್ಕು ದಾರಿಗಳು ದೊರೆಯುತ್ತವೆ. ನಡುವಿನ ಕಡೆಗೆ ಹಾರಿಸಿದರೆ ಎಂಟು. ಇದನ್ನು ಅರಿತವನು ಮೊದಲ ನಡೆಗಳನ್ನು ಬಾಯಿಪಾಠ ಮಾಡುವುದಿಲ್ಲ, ಅವುಗಳ ಕಾರಣವನ್ನು ತಿಳಿದು ಆಡುತ್ತಾನೆ.

ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ರಾಜ್ಯವು ದತ್ತುಪುತ್ರರಿಗೆ ಸಲ್ಲುವುದೆಂದು 1867ರಲ್ಲಿ ಆಂಗ್ಲ ಸರ್ಕಾರವು ಒಪ್ಪಿತು. ಮರುವರ್ಷ ಒಡೆಯರು ಕಾಲವಾದರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಆಡಳಿತವು ಮರಳಿ ಬಂದಿತು. ಮುಮ್ಮಡಿ ಕೃಷ್ಣರಾಜರು ಕಳೆದುಕೊಂಡ ರಾಜ್ಯವನ್ನು ತಾವು ಆಳಲಿಲ್ಲ. ಆದರೆ ಮೂವತ್ತಾರು ವರ್ಷಗಳ ತಾಳ್ಮೆಯಿಂದ ಅದನ್ನು ಮುಂದಿನವರಿಗೆ ಉಳಿಸಿದರು.