ಸರ್ ಆರ್ನಾಲ್ಡ್ ಲನ್: ಮುರಿದ ಕಾಲಿನ ಹಿಮಯಾತ್ರಿಕ

ದೊಡ್ಡವರ ಜೀವನಚರಿತ್ರೆಯನ್ನು ಓದುವಾಗ ನಮ್ಮ ಗಮನವು ಸಾಮಾನ್ಯವಾಗಿ ಅವರ ಜಯಗಳ ಕಡೆಗೆ ಹರಿಯುತ್ತದೆ. ಅವರು ಹಾಸಿಗೆ ಹಿಡಿದಿದ್ದ ದಿನಗಳನ್ನು ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತೇವೆ. ಸರ್ ಆರ್ನಾಲ್ಡ್ ಲನ್ನನ ವಿಷಯದಲ್ಲಿ ಹಾಗೆ ಮಾಡುವಂತಿಲ್ಲ. ಹಿಮದ ಇಳಿಜಾರಿನ ಕ್ರೀಡೆಗೆ ಈತನು ಕೊಟ್ಟ ರೂಪವನ್ನು ಇಂದು ಲೋಕವೆಲ್ಲ ಒಪ್ಪಿಕೊಂಡಿದೆ. ಆದರೆ ಅದನ್ನು ಕೊಟ್ಟವನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು.

ಲನ್ನನು ಹುಟ್ಟಿದುದು ನಮ್ಮ ನೆರೆಯ ಮದರಾಸಿನಲ್ಲಿ, ೧೮೮೮ನೆಯ ಏಪ್ರಿಲ್ ೧೮ರಂದು. ತಂದೆ ಹೆನ್ರಿ ಲನ್ ಮೆಥಾಡಿಸ್ಟ್ ಪಂಥದ ಪಾದ್ರಿ. ಧರ್ಮಪ್ರಚಾರಕ್ಕೆಂದು ಇಲ್ಲಿಗೆ ಬಂದು, ಆರೋಗ್ಯ ಕೆಟ್ಟುದರಿಂದ ಬೇಗನೆ ಇಂಗ್ಲೆಂಡಿಗೆ ಮರಳಿದನು. ಮುಂದೆ ಆತನು ಪ್ರವಾಸದ ವ್ಯವಸ್ಥೆ ಮಾಡುವ ಉದ್ಯಮವನ್ನು ಕಟ್ಟಿ, ಚಳಿಗಾಲದ ರಜೆಯನ್ನು ಕಳೆಯಲು ಇಂಗ್ಲಿಷರನ್ನು ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ಯತೊಡಗಿದನು. ಹೀಗಾಗಿ ಮದರಾಸಿನ ಸೆಕೆಯಲ್ಲಿ ಹುಟ್ಟಿದ ಮಗು ಹಿಮದ ನಾಡಿನಲ್ಲಿ ಬೆಳೆಯಿತು. ೧೮೯೮ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಫ್ರಾನ್ಸಿನ ಶಾಮೊನಿಯಲ್ಲಿ ಆತನು ಮೊದಲ ಬಾರಿಗೆ ಕಾಲಿಗೆ ಸ್ಕೀ ಕಟ್ಟಿಕೊಂಡನು. ಸ್ಕೀ ಎಂದರೆ ತುದಿ ಮೇಲಕ್ಕೆ ಬಾಗಿದ ಉದ್ದನೆಯ ಹಲಗೆ. ಅದನ್ನು ಪಾದಕ್ಕೆ ಬಿಗಿದುಕೊಂಡವನು ಹಿಮದಲ್ಲಿ ಹೂತುಹೋಗದೆ ಅದರ ಮೇಲೆ ಜಾರುತ್ತ ಹೋಗಬಲ್ಲನು.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೇಲೂ ಆತನ ಮನಸ್ಸು ಬೆಟ್ಟಗಳಲ್ಲಿಯೇ ಇತ್ತು. ೧೯೦೮ರಲ್ಲಿ ಆಲ್ಪೈನ್ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದನು. ೧೯೦೯ರ ಜನವರಿಯಲ್ಲಿ ಪ್ರೊಫೆಸರ್ ರೋಜೆಯ ಸಂಗಡ ಸ್ವಿಟ್ಜರ್ಲೆಂಡಿನ ಬರ್ನೀಸ್ ಓಬರ್‌ಲ್ಯಾಂಡ್ ಪರ್ವತಸ್ತೋಮವನ್ನು ಸ್ಕೀಗಳ ಮೇಲೆ ದಾಟಿದನು. ಪದವಿಯನ್ನು ಮಾತ್ರ ಪಡೆಯಲಿಲ್ಲ. ಪರೀಕ್ಷೆಯ ಅಂಚಿನಲ್ಲಿ ನಿಂತಿರುವ ನಾವು ಈ ಒಂದು ವಿಷಯದಲ್ಲಿ ಆತನನ್ನು ಅನುಸರಿಸದಿರುವುದು ಲೇಸು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ವೇಲ್ಸ್ ಪ್ರಾಂತದ ಕೇಡರ್ ಇದ್ರಿಸ್ ಬೆಟ್ಟದ ಬಂಡೆಗಳ ಮೇಲೆ ಲನ್ನನು ಸುಮಾರು ನೂರು ಅಡಿ ಕೆಳಗೆ ಬಿದ್ದನು. ಬಲಗಾಲು ನುಚ್ಚುನೂರಾಯಿತು. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಪೆನಿಸಿಲಿನ್ ಮೊದಲಾದ ಔಷಧಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ತೆರೆದ ಗಾಯದೊಡನೆ ಎಲುಬು ಮುರಿದರೆ, ನಂಜು ಏರಿ ಕಾಲನ್ನೇ ಕತ್ತರಿಸಬೇಕಾಗುತ್ತಿದ್ದ ಕಾಲವದು. ಲನ್ನನ ಕಾಲು ಉಳಿಯಿತು. ಆದರೆ ಎರಡು-ಮೂರು ಅಂಗುಲದಷ್ಟು ಗಿಡ್ಡವಾಯಿತು. ಗಾಯವೂ ವರ್ಷಗಟ್ಟಲೆ ಮಾಯಲಿಲ್ಲ.

ಇಲ್ಲಿಯೇ ಈ ಚರಿತ್ರೆಯ ತಿರುಳಿದೆ ಎಂದು ನನಗೆ ತೋರುತ್ತದೆ. ಗುಣವಾಗುವುದೆಂದರೆ ಮೊದಲಿನಂತಾಗುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಆ ಅರ್ಥದಲ್ಲಿ ಲನ್ನನು ಎಂದೂ ಗುಣವಾಗಲಿಲ್ಲ. ಹಳೆಯ ಕಾಲು ಬರಲೆಂದು ಆತನು ಕಾಯುತ್ತ ಕೂಡಲೂ ಇಲ್ಲ. ಬಿದ್ದ ಎರಡನೆಯ ಚಳಿಗಾಲದಲ್ಲಿ, ಎಂದರೆ ೧೯೧೧ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಮೊಂಟಾನದಲ್ಲಿ ಇಳಿಜಾರಿನ ಓಟದ ಪಂದ್ಯವೊಂದನ್ನು ಏರ್ಪಡಿಸಿದನು. ಅದಕ್ಕೆ ಬಟ್ಟಲನ್ನು ಕೊಟ್ಟವನು ಆಫ್ಘನ್ ಯುದ್ಧದಿಂದ ಹೆಸರಾದ ಕಂದಹಾರದ ಲಾರ್ಡ್ ರಾಬರ್ಟ್ಸ್. ಕಂದಹಾರ ಎಂಬ ಹೆಸರು ಸ್ಕೀ ಪಂದ್ಯಗಳಿಗೆ ಅಂಟಿಕೊಂಡುದು ಹೀಗೆ.

೧೯೧೪ರಲ್ಲಿ ಮಹಾಯುದ್ಧ ಬಂದಾಗ ಸೈನ್ಯವು ಈ ಕಾಲನ್ನು ನೋಡಿ ಆತನನ್ನು ಬೇಡವೆಂದಿತು. ಆತನು ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬ ಹಳ್ಳಿಯಲ್ಲಿ ಯುದ್ಧಕೈದಿಗಳ ಸೇವೆಗೆ ನಿಂತನು. ೧೯೧೭ರ ಜೂನ್ ೧೮ರಂದು, ಸೈನ್ಯಕ್ಕೆ ಬೇಡವಾಗಿದ್ದ ಅದೇ ಕಾಲಿನಿಂದ, ಮಾರ್ಗದರ್ಶಿ ಯೋಸೆಫ್ ಕ್ನೂಬೆಲನೊಡನೆ ೪,೫೪೫ ಮೀಟರ್ ಎತ್ತರದ ಡೋಮ್ ಶಿಖರವನ್ನು ಸ್ಕೀಗಳ ನೆರವಿನಿಂದ ಮೊದಲ ಬಾರಿಗೆ ಏರಿದನು. ಪೂರ್ತಿಯಾಗಿ ಸ್ವಿಟ್ಜರ್ಲೆಂಡಿನ ಒಳಗೇ ಇರುವ ಬೆಟ್ಟಗಳಲ್ಲಿ ಇದೇ ಅತ್ಯುನ್ನತವಾದುದು.

ಆದರೂ ಆತನ ಹೆಸರು ಉಳಿದುದು ಈ ಸಾಹಸದಿಂದಲ್ಲ, ಒಂದು ನಿಯಮದಿಂದ. ಸ್ಕೀ ವಿದ್ಯೆಯ ತವರಾದ ನಾರ್ವೆಯವರು ಜಿಗಿತವನ್ನೂ ದೂರದ ಓಟವನ್ನೂ ಮಾತ್ರ ನಿಜವಾದ ಕ್ರೀಡೆಯೆಂದು ಗೌರವಿಸುತ್ತಿದ್ದರು. ತಿರುವುಗಳ ಸ್ಪರ್ಧೆಯಲ್ಲಿಯಾದರೋ ತೀರ್ಪುಗಾರರು ದೇಹದ ನಿಲುವು, ಬಾಗು, ಬೆಡಗುಗಳನ್ನು ನೋಡಿ ಅಂಕ ಹಾಕುವ ಪದ್ಧತಿಯಿತ್ತು. ೧೯೨೨ರ ಜನವರಿ ೨೧ರಂದು ಮ್ಯೂರೆನ್ನಿನ ಇಳಿಜಾರಿನಲ್ಲಿ ಲನ್ನನು ಎರಡೆರಡು ಬಾವುಟಗಳನ್ನು ಜೋಡಿಯಾಗಿ ನೆಡಿಸಿದನು. ಪ್ರತಿಯೊಂದು ಜೋಡಿಯ ನಡುವೆಯೂ ನುಸುಳಿ ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ತಳ ಸೇರಿದವನೇ ಗೆದ್ದವನು. ಇದೇ ಇಂದಿನ ಸ್ಲಾಲಮ್. ಬೆಡಗಿಗೆ ಅಂಕವಿಲ್ಲ, ಗಡಿಯಾರವೊಂದೇ ತೀರ್ಪುಗಾರ.

ಕುಂಟುತ್ತ ನಡೆಯುವವನಿಗೇ ಈ ನಿಯಮ ಹೊಳೆದುದು ಆಕಸ್ಮಿಕವಲ್ಲವೆಂಬುದು ನನ್ನ ಊಹೆ. ನಿಲುವಿನ ಚೆಲುವನ್ನು ಅಳೆಯುವವರ ಮುಂದೆ ಗಿಡ್ಡ ಕಾಲಿನವನು ಎಂದಿಗೂ ಹಿಂದೆಯೇ. ಗಡಿಯಾರವು ಕಾಲಿನ ಅಳತೆಯನ್ನು ಕೇಳುವುದಿಲ್ಲ. ಯಾರ ಮನೆಯ ಮಗನೆಂದೂ ಕೇಳುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಮಾತು ನನಗೆ ಹತ್ತಿರವಾಗಿ ಕಂಡಿತು.

ಒಂದು ಸತ್ಯವನ್ನು ಮಾತ್ರ ಮರೆಮಾಚಬಾರದು. ಲನ್ನನಿಗೆ ತಂದೆಯ ಬೆಂಬಲವಿತ್ತು; ಗಾಯವು ಮಾಯುವವರೆಗೆ ಹೊಟ್ಟೆಯ ಚಿಂತೆಯಿರಲಿಲ್ಲ. ಮೂಟೆ ಹೊರುವ ಹಮಾಲಿಯ ಕಾಲು ಮುರಿದರೆ ಅದರೊಡನೆ ಮನೆಯ ಒಲೆಯೂ ಆರುತ್ತದೆ. ಎದೆಗಾರಿಕೆಯಿದ್ದರೆ ಸಾಕು, ಯಾರಾದರೂ ಎದ್ದು ನಿಲ್ಲಬಹುದು ಎಂದು ಈ ಚರಿತ್ರೆಯಿಂದ ಉಪದೇಶ ಹೊರಡಿಸುವುದು ಅನ್ಯಾಯವಾದೀತು. ಎದೆಗಾರಿಕೆಗೆ ಅನ್ನದ ಆಸರೆಯೂ ಬೇಕು.

ಆ ಆಸರೆಯನ್ನು ಪಡೆದವನು ಅದನ್ನು ಸುಖಕ್ಕೆ ಮಾತ್ರ ಬಳಸಲಿಲ್ಲವೆಂಬುದು ಲನ್ನನ ಹಿರಿಮೆ. ೧೯೨೮ರಲ್ಲಿ ಹಾನ್ನೆಸ್ ಶ್ನೈಡರನೊಡನೆ ಆಸ್ಟ್ರಿಯಾದಲ್ಲಿ ಆರ್ಲ್‌ಬರ್ಗ್-ಕಂದಹಾರ ಪಂದ್ಯವನ್ನು ಆರಂಭಿಸಿದನು. ವರ್ಷಗಟ್ಟಲೆ ವಾದಿಸಿ, ೧೯೩೦ರಲ್ಲಿ ನಾರ್ವೆಯ ಓಸ್ಲೋದಲ್ಲಿಯೇ ಅಂತರರಾಷ್ಟ್ರೀಯ ಸಂಸ್ಥೆಯ ಒಪ್ಪಿಗೆ ಪಡೆದನು. ಮರುವರ್ಷ ಮ್ಯೂರೆನ್ನಿನಲ್ಲಿ ಮೊದಲ ವಿಶ್ವಸ್ಪರ್ಧೆ ನಡೆಯಿತು. ೧೯೩೬ರಲ್ಲಿ ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್‌ನಲ್ಲಿ ನಡೆದ ಒಲಿಂಪಿಕ್ ಕೂಟವನ್ನು ಇಳಿಜಾರಿನ ಓಟ ಮತ್ತು ಸ್ಲಾಲಮ್ ಪ್ರವೇಶಿಸಿದವು. ೧೯೫೨ರಲ್ಲಿ ಆತನಿಗೆ ಸರ್ ಪದವಿ ಬಂದಿತು. ೧೯೭೪ರ ಜೂನ್ ೨ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಆತನು ಹುಟ್ಟಿದ ನಮ್ಮ ದೇಶದಿಂದ ೧೯೮೮ರಲ್ಲಿ ಶೈಲಜಾ ಕುಮಾರ್ ಕೆನಡಾದ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ, ೨೦೨೨ರಲ್ಲಿ ಕಾಶ್ಮೀರದ ಆರಿಫ್ ಖಾನ್ ಬೀಜಿಂಗ್‌ನಲ್ಲಿ ಸ್ಲಾಲಮ್‌ಗೆ ಇಳಿದರು. ಪದಕ ಬರಲಿಲ್ಲ. ಆದರೆ ಇವರು ಯಾವ ನಾಡಿನವರು, ಇವರ ಊರಿನಲ್ಲಿ ಎಷ್ಟು ಹಿಮ ಬೀಳುತ್ತದೆ ಎಂದು ಅಲ್ಲಿಯ ಗಡಿಯಾರ ಕೇಳಲಿಲ್ಲ. ಹೊರಟ ಹೊತ್ತು, ತಲಪಿದ ಹೊತ್ತು, ಅಷ್ಟನ್ನೇ ಬರೆದುಕೊಂಡಿತು. ಆ ಏರ್ಪಾಡು ಲನ್ನನದು.