ಕ್ಲಾರಿನೆಟ್ ಕೊಟ್ಟ ಕುಶಲಕರ್ಮಿ

ತೇರಿನ ಮುಂದೆ ಬ್ಯಾಂಡ್‌ಸೆಟ್‌ನವರು ನುಡಿಸುವ ಕ್ಲಾರಿನೆಟ್ಟನ್ನು ನಾವೆಲ್ಲ ಕೇಳಿದ್ದೇವೆ. ನನ್ನ ಕೆಲಸ ಸಾಫ್ಟ್‌ವೇರ್, ಆಸಕ್ತಿ ವಾದ್ಯಗಳಲ್ಲಿ. ಹಳೆಯ ಮರದ ಕ್ಲಾರಿನೆಟ್‌ಗಳ ಬಗ್ಗೆ ಓದುತ್ತಾ ಹೋದಾಗ ಅದರ ಮೂಲಪುರುಷರ ಪರಿಚಯವಾಯಿತು.

ಯೋಹಾನ್ ಕ್ರಿಸ್ಟೋಫ್ ಡೆನ್ನರ್ 1655ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹುಟ್ಟಿದರು. ತಂದೆ ಬೇಟೆಗಾರರಿಗೆ ಸೀಟಿ, ಕೊಂಬುಗಳನ್ನು ಮಾಡಿಕೊಡುತ್ತಿದ್ದರು. 1666ರಲ್ಲಿ ಕುಟುಂಬ ನ್ಯೂರೆಂಬರ್ಗ್‌ಗೆ ಬಂದು ನೆಲೆಸಿತು. ಮಗನೂ ಊದುವ ವಾದ್ಯಗಳನ್ನು ಮಾಡಿ ಹೆಸರಾದರು. ಫ್ರೆಂಚ್ ಮಾದರಿಯ ಹೊಸ ವಾದ್ಯಗಳನ್ನು ಮಾಡಿ ಮಾರಲು 1696ರಲ್ಲಿ ಶೆಲ್ ಎಂಬ ಕುಶಲಕರ್ಮಿಯೊಂದಿಗೆ ನಗರಸಭೆಗೆ ಅರ್ಜಿ ಹಾಕಿ, ಒಪ್ಪಿಗೆ ಪಡೆದರು.

ಆಗ ಶಾಲ್ಯುಮೋ ಎಂಬ ರೀಡಿನ ವಾದ್ಯವಿತ್ತು. ಅದರಲ್ಲಿ ಕೆಳಗಿನ ಸ್ವರಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. ಡೆನ್ನರ್ ಅದನ್ನು ತಿದ್ದಿ, ಕೊಳವೆಯ ಮೇಲ್ಭಾಗದ ಸಣ್ಣ ತೂತು ಕೀ ಒತ್ತಿದರೆ ತೆರೆದುಕೊಳ್ಳುವಂತೆ ಮಾಡಿದರು. ಆಗ ಬೆರಳು ಬದಲಿಸದೆಯೇ ಷಡ್ಜದ ಜಾಗದಲ್ಲಿ ತಾರಸ್ಥಾಯಿಯ ಪಂಚಮ ನುಡಿಯುತ್ತದೆ. ಇಂದಿನ ಕ್ಲಾರಿನೆಟ್ಟಿನಲ್ಲೂ ಇದೇ ತಂತ್ರ. ಇದಕ್ಕೆ ಕೈಯ ನಿಖರತೆ ಬೇಕು. ತೂತಿನ ಜಾಗ ಸ್ವಲ್ಪ ತಪ್ಪಿದರೂ ಶ್ರುತಿ ಕೆಡುತ್ತದೆ, ಮರ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ. ತಾವು ಮಾಡಿದ ವಾದ್ಯಗಳ ಮೇಲೆ ಅವರು ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದರು.

1707ರಲ್ಲಿ, 51ನೆಯ ವಯಸ್ಸಿನಲ್ಲಿ ಡೆನ್ನರ್ ತೀರಿಕೊಂಡರು. ಕ್ಲಾರಿನೆಟ್ ಎಂಬ ಹೆಸರು ದಾಖಲೆಗಳಲ್ಲಿ ಕಾಣಿಸುವುದು 1710ರಲ್ಲಿ, ಮಗ ಯಾಕೋಬ್‌ಗೆ ಬಂದ ಬೇಡಿಕೆಯೊಂದರಲ್ಲಿ. ಅದನ್ನು ಕಂಡುಹಿಡಿದವರು ತಂದೆಯೇ ಎಂದು 1730ರಲ್ಲಿ ಪುಸ್ತಕದಲ್ಲಿ ಬರೆದಿಟ್ಟವರು ಅದೇ ಊರಿನ ಗಣಿತಜ್ಞ ಡಾಪೆಲ್‌ಮೈಯರ್. ಆ ಊರಿನ ಗಣಿತಜ್ಞರ ಜೊತೆಗೆ ಕುಶಲಕರ್ಮಿಗಳಿಗೂ ಆ ಪುಸ್ತಕದಲ್ಲಿ ಜಾಗವಿತ್ತು.

ನಮ್ಮೂರ ಬಡಗಿ, ಕಮ್ಮಾರ, ವಾದ್ಯಗಾರರ ಹೆಸರುಗಳನ್ನೂ ನಮ್ಮ ಶಾಲೆಯ ಮಕ್ಕಳು ಹೀಗೆಯೇ ಬರೆದಿಡಲಿ.